ಮುಯ್ಯಿಗೆ ಬಂದ ಫ್ಲವರ್‌ಹಾರ್ನ್

ರೇಷ್ಮೆ ಸೀರೆ ಉಟ್ಟಿದ್ದೆ. ಎರಡೂ ಕೈಗೆ ಹಸಿರು ಗಾಜಿನ ಬಳೆ, ತಲೆಯಲ್ಲಿ ಮೊಳಗಟ್ಟಲೆ ಮಲ್ಲಿಗೆ. ಮನೆ ತುಂಬ ನೆಂಟರು. ಅವರೆಲ್ಲರ ಕಣ್ಣೆದುರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲ್ ಹತ್ತಿ, ಮೀನಿನ ಟ್ಯಾಂಕಿನೊಳಕ್ಕೆ ಭುಜದವರೆಗೆ ಕೈ ಇಳಿಸಿದೆ. ಅದೂ ಗೃಹಪ್ರವೇಶದ ದಿನ. ಅದೂ ರಾಹುಕಾಲದಲ್ಲಿ.

ಬಳೆ ಒಡೆದವು. ನೀರು ನೆಲಕ್ಕೆ ಚೆಲ್ಲಿತು. ಹಿಂದಿನಿಂದ ಯಾರೋ ಹಿರಿಯರು, "ಇವಳಿಗೇನ್ ಬಂತಮ್ಮ ಇವತ್ತು" ಅಂದದ್ದು ಕೇಳಿಸಿತು. ಕೇಳಿಸಲಿ ಅಂತಲೇ ಅಂದದ್ದು.

ಆವತ್ತು ನಾನು ಮಾಡಿದ್ದು ಸರಿಯೇ? ನೂರಕ್ಕೆ ನೂರು ಸರಿ. ಈ ವಾರದ ಅಂಕಣ ಪೂರ್ತಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದಕ್ಕೆ ಮೀಸಲು. ಇಷ್ಟವಿಲ್ಲದವರು ಪಕ್ಕದ ಪುಟದ ಪದಬಂಧ ಬಿಡಿಸಿಕೊಳ್ಳಬಹುದು.

ಮೊದಲು ಟ್ಯಾಂಕಿನ ಪರಿಚಯ ಆಗಲಿ. ಸಹಕಾರನಗರದ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಇರಬೇಕಾದ ಗೋಡೆಯ ಮುಂದೆ ಅದಿದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. (ಟಿವಿ ಬೆಡ್‌ರೂಮಿಗೆ ಹೋಯಿತು. ಯಾರೂ ಅತ್ತಿಲ್ಲ.) ಅದನ್ನು ಆರು ಜನ ಹೊತ್ತು ಒಳಗೆ ತರುವಾಗ ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಹೆಸರು ಶಿವಾನಂದ. ರಾಣೆಬೆನ್ನೂರಿನವರು, ಯಶವಂತಪುರದ ಹತ್ತಿರ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆಂಗಳೂರಿಗೆ ಬಂದು ಅರ್ಧ ಆಯಸ್ಸು ಕಳೆದರೂ ಮಾತು ಮಾತ್ರ ಊರಿನದೇ.

"ಮಂದಿ ಮನ್ಯಾಗ ಅಕ್ವೇರಿಯಂ ಇಡ್ತಾರ. ನೀ ಕೆರಿನ ಕಟ್ಟಾಕತ್ತಿಯಲ್ಲ" ಅಂದರು.

"ಕೆರೆ ಮುಚ್ಚಿ ಲೇಔಟ್ ಮಾಡಿದ ಊರು ಇದು. ಯಾರಾದ್ರೂ ಒಬ್ಬರು ವಾಪಸ್ ಕಟ್ಲಿ ಬಿಡಿ" ಅಂದೆ.

ನನಗೆ ಬೇಕಿದ್ದದ್ದು ದೊಡ್ಡ ಮೀನು. ಪುಟಾಣಿ ಬಣ್ಣದ ಮೀನುಗಳ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಅವು ನಮ್ಮನ್ನು ನೋಡುವುದಿಲ್ಲ. ಸಿಕ್ಲಿಡ್ ಅನ್ನುವ ಕುಲದ ದೊಡ್ಡ ಮೀನುಗಳು ನೋಡುತ್ತವೆ. ಮನೆಯವರ ಗುರುತು ಹಿಡಿಯುತ್ತವೆ. ಹೊತ್ತಿಗೆ ಸರಿಯಾಗಿ ಊಟ ಬರದಿದ್ದರೆ ಗಾಜಿಗೆ ಮೂತಿ ಇಟ್ಟು ದಿಟ್ಟಿಸುತ್ತವೆ. ಅವುಗಳಲ್ಲಿ ಆಸ್ಕರ್ ಅಂತ ಒಂದಿದೆ, ಕಪ್ಪು ಮೈಮೇಲೆ ಕಿತ್ತಳೆ ಬಣ್ಣದ ಗೀಟು. ಟ್ಯಾಂಕಿನಲ್ಲಿ ನೀವು ಒಂದು ಕಲ್ಲು ಜರುಗಿಸಿದರೂ ಸಾಕು, ಮುನಿಸಿಕೊಂಡು ಪಕ್ಕಕ್ಕೆ ವಾಲಿ ಮಲಗಿಬಿಡುತ್ತದೆ. ಇಷ್ಟು ಸ್ವಾಭಿಮಾನ ನಮ್ಮ ಆಫೀಸುಗಳಲ್ಲಿ ಎಷ್ಟು ಜನಕ್ಕಿದೆ ಹೇಳಿ?

ಆದರೆ ಸ್ವಾಭಿಮಾನ ಇರುವವರನ್ನು ನಾಲ್ಕು ಗೋಡೆಯೊಳಗೆ ಒಟ್ಟಿಗೆ ಇಡುವುದು ಹೇಗೆ? ಅಲ್ಲಿದೆ ಕಷ್ಟ.

ಆರ್.ಟಿ. ನಗರದ ಒಂದು ಮೀನಿನ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ತಲೆ ಎತ್ತದೆ, "ಎಲ್ಲಾ ಅಡ್ಜಸ್ಟ್ ಆಗ್ತವೆ ಮೇಡಂ. ನಾಲ್ಕು ದಿನ ಕಿತ್ತಾಡ್ತವೆ, ಆಮೇಲೆ ಸರಿಹೋಗ್ತವೆ" ಅಂದ.

ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಮನೆಗೆ ಬರುವ ದಾರಿಯಲ್ಲಿ, ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ನಿಂತಾಗ ನೆನಪಾಯಿತು. ನನ್ನ ಮದುವೆಗೆ ಮುಂಚೆ ನನಗೂ ಇದನ್ನೇ ಹೇಳಿದ್ದರು. ಕೆಲಸಕ್ಕೆ ಸೇರಿದಾಗ ಇದನ್ನೇ ಹೇಳಿದ್ದರು. ಬಾಡಿಗೆ ಮನೆಯ ಓನರ್ ಇದನ್ನೇ ಹೇಳಿದ್ದರು. ನಮ್ಮೂರಿನಲ್ಲಿ ಅಡ್ಜಸ್ಟ್ ಆಯಿತು ಅಂದರೆ ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡು ಮೂಲೆ ಸೇರಿದರು ಅಂತ ಅರ್ಥ. ಮೀನಿನ ವಿಷಯದಲ್ಲಿ ಇನ್ನೂ ಸರಳ, ಒಬ್ಬರು ಸತ್ತರು ಅಂತ ಅರ್ಥ.

ಹಾಗಾಗಿ ನಾನೇ ಕೂತೆ. ನಮ್ಮಲ್ಲಿ ಹುಡುಗ ಹುಡುಗಿಯ ಜಾತಕ ಕೂಡಿಸಲು ಜೋಯಿಸರಿಗೆ ಅರ್ಧ ಗಂಟೆ ಸಾಕು. ನಾನು ಮೀನು ಕೂಡಿಸಲು ಒಂದು ಇಡೀ ಬೇಸಿಗೆ ತೆಗೆದುಕೊಂಡೆ. ಸಾಕಿದವರನ್ನು ಕಂಡು ಮಾತಾಡಿದೆ, ವಿಡಿಯೋ ನೋಡಿದೆ, ಅವರಿವರ ಟ್ಯಾಂಕಿನ ಮುಂದೆ ಗರ ಬಡಿದವಳಂತೆ ಕೂತು ಬಂದೆ. ತಿಳಿದದ್ದು ಇಷ್ಟು. ಒಬ್ಬರ ಬಾಯಲ್ಲಿ ಇನ್ನೊಬ್ಬರು ಹಿಡಿಸಬಾರದು. ಹಿಡಿಸಿದರೆ ಒಂದು ದಿನ ಹೋಗಿಯೇ ಹೋಗುತ್ತಾರೆ. ಒಂದೇ ರೂಪ, ಒಂದೇ ಬಣ್ಣದವರು ಎದುರಾದರೆ ಜಗಳ ಜಾಸ್ತಿ. ಒಬ್ಬರು ನಡುನೀರಿನಲ್ಲಿ ಇರುವವರಾದರೆ ಇನ್ನೊಬ್ಬರು ತಳದಲ್ಲಿ ಇರುವವರಾಗಲಿ. ನಡುವೆ ದೊಡ್ಡ ಮರದ ಬೊಡ್ಡೆ ಇರಲಿ, ಸದಾ ಒಬ್ಬರ ಮುಖ ಒಬ್ಬರು ನೋಡುವಂತಾಗಬಾರದು. (ಇದನ್ನು ಓದುತ್ತಿರುವ ಗಂಡ-ಹೆಂಡಿರೇ, ನಾನು ಮೀನಿನ ಬಗ್ಗೆ ಮಾತಾಡುತ್ತಿದ್ದೇನೆ.) ಎಲ್ಲಕ್ಕಿಂತ ಮುಖ್ಯ, ಚಿಕ್ಕವರಿದ್ದಾಗಲೇ ಒಟ್ಟಿಗೆ ತಂದು ಒಟ್ಟಿಗೆ ಬೆಳೆಸಬೇಕು.

ಹಾಗೆ ಬಂದವರು ಎರಡು ಆಸ್ಕರ್. ತಳಕ್ಕೆ ಐದು ಜಿಯೋಫೇಗಸ್, ಮರಳನ್ನು ಬಾಯಿ ತುಂಬ ತುಂಬಿಕೊಂಡು, ಬೇಕಾದ್ದನ್ನು ಆರಿಸಿ, ಉಳಿದದ್ದನ್ನು ಕಿವಿರಿನಿಂದ ಉದುರಿಸುವ ಮೀನು. ನಮ್ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದದ್ದು ಹೀಗೆಯೇ. ಕೊನೆಯದಾಗಿ ಒಂದು ಸೆವೆರಮ್. ಬಂಗಾರದ ಬಣ್ಣ, ತಟ್ಟೆಯಂತೆ ಅಗಲ ಮೈ, ನಿಧಾನದ ನಡೆ. ಸೆವೆರಮ್ ಅನ್ನುವ ಹೆಸರು ಶಿವಾನಂದರ ನಾಲಿಗೆಗೆ ಹತ್ತಲಿಲ್ಲ. ಮೊದಲ ದಿನವೇ ಅದನ್ನು ಸಾವಿತ್ರಮ್ಮ ಮಾಡಿದರು. (ಗಂಡೋ ಹೆಣ್ಣೋ ನನಗೂ ತಿಳಿಯದು. ಈಗ ಸಾವಿತ್ರಮ್ಮನೇ.)

ಬೆರಳುದ್ದದ ಮರಿಗಳು ಒಂದೂವರೆ ವರ್ಷದಲ್ಲಿ ಮೈ ತುಂಬಿಕೊಂಡವು. ಒಂದು ರೆಕ್ಕೆ ಹರಿದಿಲ್ಲ, ಒಂದು ಹುರುಪೆ ಉದುರಿಲ್ಲ. ಸಣ್ಣಪುಟ್ಟ ಗುದ್ದಾಟ ಇದ್ದದ್ದೇ, ಅದು ಸಂಸಾರ. ಆಸ್ಕರ್ ಊಟ ಮಾಡಿದ ಮೇಲೆ ಸಾವಿತ್ರಮ್ಮ ಬರುತ್ತದೆ, ಕೆಳಗೆ ಬಿದ್ದದ್ದು ಜಿಯೋಫೇಗಸ್ ಪಾಲು. ಯಾರೂ ಅವಕ್ಕೆ ಕಲಿಸಿದ್ದಲ್ಲ. ಆದರೆ ಕೂಡಿಸಿದ್ದು ನಾನು.

ಇಷ್ಟೊಂದು ಜಂಬ ಯಾಕೆ ಅಂತ ಕೇಳುತ್ತೀರಾ? ಹೇಳುತ್ತೇನೆ. ಅದಕ್ಕೆ ನಮ್ಮಣ್ಣನ ವಿಷಯ ಹೇಳಬೇಕು.

ನಾನು ಕೊಡಿಗೇಹಳ್ಳಿಯವಳು. ಮನೆಗೂ ತವರಿಗೂ ರೈಲ್ವೆ ಹಳಿಯೊಂದೇ ಅಡ್ಡ. ಅಣ್ಣನ ಹೆಸರು ಮುನಿರಾಜು. ನಮ್ಮಪ್ಪ ದ್ರಾಕ್ಷಿ ಬೆಳೆದ ನೆಲದ ಮೇಲೆ ಅಣ್ಣ ಈಗ ಕಾಂಪ್ಲೆಕ್ಸ್ ಬೆಳೆಯುತ್ತಾನೆ. ಅಪ್ಪ ಬೇಗ ಹೋದಮೇಲೆ ನನ್ನನ್ನು ಓದಿಸಿದವನು, ಮದುವೆ ಮಾಡಿದವನು, ಈ ಸೈಟು ಕೊಡಿಸಿದವನು ಅವನೇ. ಅವನ ಮೇಲೆ ನನಗೆ ಪ್ರಾಣ. ಆದರೆ ಅವನು ಏನನ್ನೂ ಕೇಳುವುದಿಲ್ಲ, ಹೇಳುತ್ತಾನೆ. ನಾನು ಯಾವ ಕಾಲೇಜು ಅಂತ ಅವನು ಹೇಳಿದ. ಗಂಡು ಯಾರು ಅಂತ ಅವನು ಹೇಳಿದ. (ಇದರಲ್ಲಿ ಮಾತ್ರ ಅವನು ಪಾಸು.) ಮನೆ ಬಾಗಿಲು ಯಾವ ದಿಕ್ಕಿಗೆ, ಸಂಪು ಎಲ್ಲಿ, ಗೇಟಿಗೆ ಯಾವ ಬಣ್ಣ, ಎಲ್ಲಾ ಅವನೇ. ನನ್ನ ಬದುಕಿನಲ್ಲಿ ಬೇರೆ ಯಾರನ್ನೂ ಕೇಳದೆ, ಯಾರಿಂದಲೂ ಹೇಳಿಸಿಕೊಳ್ಳದೆ, ನಾನೊಬ್ಬಳೇ ತೀರ್ಮಾನ ಮಾಡಿದ ಮೊದಲ ಸಂಗತಿ ಈ ಟ್ಯಾಂಕು. ಅದರೊಳಗೆ ಯಾರಿರಬೇಕು ಅನ್ನುವುದು ನನ್ನ ಮಾತು. ಅಷ್ಟೇ ನನ್ನ ರಾಜ್ಯ.

ಈ ವರ್ಷ ಮನೆಯ ಮೇಲೆ ಒಂದು ಮಹಡಿ ಎಬ್ಬಿಸಿದೆವು. ಅದರ ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿ, ಹೋಮ ಮಾಡಿಸಿ, ನೂರೆಂಟು ಜನಕ್ಕೆ ಊಟ ಹಾಕಿದೆವು. ಭಾನುವಾರ. ಊಟವೆಲ್ಲ ಮುಗಿದು ಹತ್ತಿರದ ನೆಂಟರಷ್ಟೇ ಉಳಿದಿದ್ದಾಗ, ಅಣ್ಣ ಮುಯ್ಯಿ ತಂದ.

ಮುಯ್ಯಿ ಅಂದರೆ ಗೊತ್ತಲ್ಲ? ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಒಬ್ಬರ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬರು ಒಯ್ಯುವುದು ಬರೀ ಉಡುಗೊರೆ ಅಲ್ಲ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಅದನ್ನು ತೀರಿಸಬೇಕು, ಅದೂ ಬಂದದ್ದಕ್ಕಿಂತ ಒಂದು ಕೈ ಮೇಲಾಗಿ. ಬೇಡ ಅನ್ನುವಂತಿಲ್ಲ. ಅದರಲ್ಲೂ ತವರಿನ ಮುಯ್ಯಿಯನ್ನು ಹೆಣ್ಣುಮಗಳು ತಿರುಗಿಸಿದಳು ಅಂದರೆ ತವರನ್ನೇ ಬೇಡ ಅಂದಂತೆ. (ಸಿನಿಮಾದವರು ಮುಯ್ಯಿ ಅಂದರೆ ಸೇಡು ಅಂತ ಮಾಡಿಟ್ಟಿದ್ದಾರೆ. ಪೂರ್ತಿ ತಪ್ಪು ಅಂತಲೂ ಹೇಳಲಾರೆ.)

ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ನನಗೆ ಸೀರೆ, ಶಿವಾನಂದರಿಗೆ ಪಂಚೆ ಶಲ್ಯ. ಅದರ ಮೇಲೆ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಒಂದು ಗೇಣುದ್ದದ ಮೀನು, ಕೆಂಪು ಮೈ, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗುಬುಟು.

ಫ್ಲವರ್‌ಹಾರ್ನ್.

"ಮಾಕಳಿ ಕಡೆ ಒಬ್ಬ ಸಾಕ್ತಾನೆ ಕಣಮ್ಮ. ಬೆಳಗ್ಗೆ ನಾನೇ ಓಗಿ ತಂದೆ. ತಲೆ ಮ್ಯಾಲೆ ಗುಬುಟು ಎಷ್ಟು ದೊಡ್ಡದಾಯ್ತದೋ ಮನೆಗೆ ಅಷ್ಟು ಲಕ್ಷ್ಮಿ ಬತ್ತಾಳಂತೆ" ಅಂದ ಅಣ್ಣ, ಎಲ್ಲರಿಗೂ ಕೇಳುವಂತೆ. "ನಿನ್ ಟ್ಯಾಂಕಲ್ಲಿ ಎಲ್ಲಾ ಐತೆ, ಅದೃಷ್ಟ ಒಂದ್ ಇರಲಿಲ್ಲ. ತಕೋ."

ಪಾಪ, ಎಷ್ಟು ಪ್ರೀತಿಯಿಂದ ತಂದಿದ್ದಾನೆ. ತಂಗಿಗೆ ಏನು ಇಷ್ಟ ಅಂತ ನೋಡಿ, ಆ ದಾರಿಯಲ್ಲೇ ಹೋಗಿ ತಂದಿದ್ದಾನೆ. ಆದರೆ ಮೀನು ಸಾಕುವವರನ್ನು ಯಾರನ್ನು ಬೇಕಾದರೂ ಕೇಳಿ. ಫ್ಲವರ್‌ಹಾರ್ನ್ ಇನ್ನೊಂದು ಮೀನಿನ ಜೊತೆ ಇರುವುದಿಲ್ಲ. ಗಾಜಿನಲ್ಲಿ ಕಾಣುವ ತನ್ನ ನೆರಳಿನ ಜೊತೆಗೇ ಇರುವುದಿಲ್ಲ. ಇಡೀ ಟ್ಯಾಂಕು ತನ್ನದು ಅಂದುಕೊಳ್ಳುತ್ತದೆ, ಅಡ್ಡ ಬಂದವರನ್ನು ಕೊಲ್ಲುತ್ತದೆ.

ಹೇಗೆ ಹೇಳಲಿ? ಅಷ್ಟು ಜನರ ಮುಂದೆ ಅಣ್ಣನ ಮುಯ್ಯಿ ಬೇಡ ಅನ್ನಲೇ? ತಟ್ಟೆಗೆ ಕೈ ಮುಗಿದು ತೆಗೆದುಕೊಂಡೆ. "ತಕ್ಷಣ ಬಿಡಬಾರದು ಅಣ್ಣ, ಈ ನೀರಿಗೆ ಮೈ ಹೊಂದಬೇಕು. ಚೀಲ ಹಂಗೇ ತೇಲ್ತಾ ಇರ್ಲಿ" ಅಂದು ಚೀಲವನ್ನು ಟ್ಯಾಂಕಿನ ಮೇಲೆ ತೇಲಿಬಿಟ್ಟೆ. ಎಲ್ಲರೂ ಹೋದಮೇಲೆ ಬೇರೆ ವ್ಯವಸ್ಥೆ ಮಾಡಿದರಾಯಿತು ಅನ್ನುವುದು ನನ್ನ ಪ್ಲಾನು. ತಾಂಬೂಲದ ತಟ್ಟೆ ಜೋಡಿಸಲು ಅಡುಗೆಮನೆಗೆ ಹೋದೆ.

ಅಲ್ಲಿ ನಾನು ಒಂದು ಲೆಕ್ಕ ತಪ್ಪಿದೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ.

ಯಾರೋ ಗಡಿಯಾರ ನೋಡಿ, "ಮುನಿರಾಜಣ್ಣ, ಇನ್ನೈದು ನಿಮಿಷಕ್ಕೆ ರಾಹುಕಾಲ" ಅಂದಿದ್ದಾರೆ. ಶುಭಕ್ಕೆ ತಂದ ಮೀನು ರಾಹುಕಾಲದಲ್ಲಿ ನೀರಿಗೆ ಇಳಿಯುವುದೇ? ಅಣ್ಣ ಟ್ಯಾಂಕಿನ ಗಾಜಿಗೆ ಅರಿಶಿನ ಕುಂಕುಮ ಇಟ್ಟಿದ್ದಾನೆ, ಚೀಲದ ರಬ್ಬರ್ ಬ್ಯಾಂಡ್ ಬಿಚ್ಚಿದ್ದಾನೆ, "ಓಗಪ್ಪ, ಬಲಗಡೆಯಿಂದ ಓಗು" ಅಂತ ಮೀನನ್ನು ಒಳಗೆ ಬಿಟ್ಟಿದ್ದಾನೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ.

ಚಪ್ಪಾಳೆ ಕೇಳಿ ನಾನು ಓಡಿ ಬಂದೆ.

ಹೊಸಬ ಒಂದು ಸುತ್ತು ಹೊಡೆದ. ಮರದ ಬೊಡ್ಡೆಯ ಹತ್ತಿರ ನಿಂತು ಬಾಲ ಅಲ್ಲಾಡಿಸಿದ. ಅಷ್ಟೇ, ಆ ಜಾಗ ಅವನದಾಯಿತು. ಗಾತ್ರದಲ್ಲಿ ಅವನಿಗಿಂತ ದೊಡ್ಡವಾದ ಎರಡು ಆಸ್ಕರ್‌ಗಳು ಒಂದೊಂದು ಪೆಟ್ಟು ತಿಂದು ಗಾಜಿಗೆ ಅಂಟಿಕೊಂಡವು. ಜಿಯೋಫೇಗಸ್‌ಗಳು ಮೂಲೆಯಲ್ಲಿ ರಾಶಿ ಬಿದ್ದವು. ಬಣ್ಣ ಕಳೆದುಕೊಂಡು ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದವು.

"ನೋಡ್ರಪ್ಪ, ಎಲ್ಲಾ ಸೇರ್ಕೊಂಡು ಮಾತಾಡಿಸ್ತಾ ಅವೆ" ಅಂದ ಅಣ್ಣ.

ಮಾತಾಡಿಸುತ್ತಿರಲಿಲ್ಲ. ನಿಧಾನದ ಸಾವಿತ್ರಮ್ಮ ಏನಾಗುತ್ತಿದೆ ಅಂತ ತಿಳಿಯದೆ ನಟ್ಟನಡುವೆ ನಿಂತಿತ್ತು. ಆ ಹೊಸಬ ಹೋಗಿ ಬಾಯಿ ಹಾಕಿದ. ಬೆನ್ನಿನ ರೆಕ್ಕೆ ಸೀಳಿತು. ತಿರುಗಿ ಬಂದು ಮತ್ತೆ ಹಾಕಿದ. ಬಂಗಾರದ ಹುರುಪೆಗಳು ನೀರಿನಲ್ಲಿ ತೇಲಿದವು.

ಆಮೇಲಿನದು ನಿಮಗೆ ಆಗಲೇ ಹೇಳಿದ್ದೇನೆ. ಸ್ಟೂಲು, ಸೆರಗು, ಬಳೆ. ಹೇಳದೆ ಬಿಟ್ಟದ್ದು ತರಕಾರಿ ತೊಳೆಯುವ ತೂತಿನ ಬುಟ್ಟಿ. ಅದನ್ನು ಶಿವಾನಂದ ಅಡುಗೆಮನೆಯಿಂದ ತಂದು, ನಾನು ಕೇಳುವ ಮೊದಲೇ ಕೈಗಿತ್ತರು. "ಬಲಕ್ಕ ತಿರುಗ್ಯಾನ, ಈಗ ಹಾಕು" ಅಂತ ಹೊರಗಿನಿಂದ ದಿಕ್ಕು ಹೇಳಿದರು. ಅವನನ್ನು ಮೂಲೆಗೆ ಒತ್ತಿ ಬುಟ್ಟಿ ಕವುಚಿದೆ. ಕೈಗೆ ಕಚ್ಚಿದ. ಬಿಡಲಿಲ್ಲ. ಎತ್ತಿ ನೀರು ತುಂಬಿದ ಬಕೆಟ್ಟಿಗೆ ಹಾಕಿದೆ.

ಮಲ್ಲಿಗೆ ಅರ್ಧ ಉದುರಿ ಟ್ಯಾಂಕಿನಲ್ಲಿ ತೇಲುತ್ತಿತ್ತು.

"ತವರಿನ ಮುಯ್ಯಿ ತಿರುಗಿಸ್ತೀಯಾ?" ಅಂದ ಅಣ್ಣ. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಚೆನ್ನಾಗಿತ್ತು.

"ಇದು ಒಟ್ಟಿಗಿರೋ ಮೀನಲ್ಲ ಅಣ್ಣ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಅಂದೆ.

"ಮೀನ್ ಬಿಡಕ್ಕೂ ನಿನ್ ಪರ್ಮಿಷನ್ ತಕಬೇಕಾ?"

"ಹೂಂ. ತಗೋಬೇಕು."

ಹೇಳಿಬಿಟ್ಟೆ. ಆ ಒಂದು 'ಹೂಂ' ನನ್ನ ಬಾಯಿಂದ ಎಷ್ಟು ವರ್ಷಕ್ಕೆ ಬಂತೋ. ಅಣ್ಣ ಶಲ್ಯ ಕೊಡವಿಕೊಂಡು ಹೊರಟ. ನಾನು ತಾಂಬೂಲದ ತಟ್ಟೆ ಹಿಡಿದು ಬಾಗಿಲವರೆಗೂ ಹಿಂದೆ ಹೋದೆ. ತೆಗೆದುಕೊಳ್ಳದೆ ಚಪ್ಪಲಿ ಮೆಟ್ಟಿದ. ನಮ್ಮ ಕಡೆ ತಾಂಬೂಲ ಮುಟ್ಟದೆ ಹೋಗುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದು ಬಂದು ಟ್ಯಾಂಕಿನ ನೀರು ಬದಲಿಸಿದೆ.

ಸಾವಿತ್ರಮ್ಮ ಫಿಲ್ಟರ್ ಪೈಪಿನ ಹಿಂದೆ ಸೇರಿಕೊಂಡಿತು. ಊಟ ಬಿಟ್ಟಿತು. ನೀರಿಗೆ ಕಲ್ಲುಪ್ಪು ಹಾಕಿದೆ, ಮತ್ತೆ ಮತ್ತೆ ನೀರು ಬದಲಿಸಿದೆ, ಲೈಟು ಆರಿಸಿಟ್ಟೆ. ಅಣ್ಣನೂ ಮೂಲೆ ಸೇರಿಕೊಂಡ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಎರಡು ಕಡೆಯಿಂದಲೂ ನನಗೆ ಊಟ ಸೇರುತ್ತಿರಲಿಲ್ಲ.

ಇನ್ನು ಆ ರೌಡಿ. ಅವನಿಗೆ ಮೆಟ್ಟಿಲ ಕೆಳಗೆ ಒಂದು ನೀಲಿ ಡ್ರಮ್ಮು, ಒಂದು ಫಿಲ್ಟರು. ಮೊದಲ ವಾರ ಅವನ ಮುಖ ನೋಡಲೂ ಮನಸ್ಸಿರಲಿಲ್ಲ. ಊಟ ಹಾಕಿ ಬಂದುಬಿಡುತ್ತಿದ್ದೆ. ಆಮೇಲಾಮೇಲೆ ನನ್ನ ಹೆಜ್ಜೆ ಸಪ್ಪಳಕ್ಕೇ ಮೇಲೆ ಬರತೊಡಗಿದ. ಬೆರಳು ಆ ಕಡೆ ಹೋದರೆ ಆ ಕಡೆ, ಈ ಕಡೆ ಬಂದರೆ ಈ ಕಡೆ. ಎಂಥ ಗತ್ತು, ಎಂಥ ಬಣ್ಣ. ಅವನದೇನು ತಪ್ಪು? ಒಬ್ಬನೇ ಇರಬೇಕಾದವನನ್ನು ತಂದು ಸಂಸಾರದ ನಡುವೆ ಬಿಟ್ಟರೆ ಅವನಾದರೂ ಏನು ಮಾಡಿಯಾನು?

ಒಂದು ದಿನ ಅತ್ತಿಗೆಯ ಫೋನು. "ಆ ಮೀನು ಬದುಕೈತಾ? ನಿಮ್ಮಣ್ಣ ಕೇಳ್ತಾ ಇಲ್ಲ, ನಾನೇ ಕೇಳ್ತಾ ಇರೋದು" ಅಂದರು. ಹಿಂದೆ ಅಣ್ಣ ಕೆಮ್ಮಿದ್ದು ಕೇಳಿಸಿತು.

"ಬದುಕಿರೋದೇನ್ ಬಂತು ಅತ್ತಿಗೆ, ಬೆಳೆದಿದ್ದಾನೆ. ಗುಬುಟು ಮೋಸಂಬಿ ಆಗಿದೆ" ಅಂದೆ, ಕೆಮ್ಮಿನವರಿಗೂ ಕೇಳುವಂತೆ. ಹಾಗೆಯೇ ಅತ್ತಿಗೆ ಹೇಳಿದರು, ಕೊಡಿಗೇಹಳ್ಳಿಯ ಹೊಸ ಕಾಂಪ್ಲೆಕ್ಸ್ ಮುಗಿದಿದೆ, ಬರುವ ತಿಂಗಳು ಪೂಜೆ, ನೀವು ಬರಬೇಕು ಅಂತ.

ಫೋನ್ ಇಟ್ಟವಳೇ ಶಿವಾನಂದರ ಮುಂದೆ ಕೂತೆ. "ಅಣ್ಣನಿಗೆ ಮುಯ್ಯಿ ತೀರಿಸ್ಬೇಕು ಕಣ್ರೀ. ಬಂದದ್ದಕ್ಕಿಂತ ಒಂದು ಕೈ ಮೇಲೆ."

ಅವರು ನನ್ನ ಮುಖ ನೋಡಿದರು. ಮೆಟ್ಟಿಲ ಕೆಳಗಿನ ಡ್ರಮ್ಮು ನೋಡಿದರು. "ಅಡ್ಡಿಯಿಲ್ಲ. ತಲಿ ಅದ ನಿನಗ" ಅಂದರು. ಮದುವೆಯಾದಾಗಿನಿಂದ ಇಷ್ಟು ದೊಡ್ಡ ಮೆಚ್ಚುಗೆ ಅವರ ಬಾಯಿಂದ ಬಂದಿರಲಿಲ್ಲ.

ಪೂಜೆಯ ಮುನ್ನಾದಿನ ಮಧ್ಯಾಹ್ನ ಗೂಡ್ಸ್ ಆಟೋ ಮಾಡಿಕೊಂಡು ಕೊಡಿಗೇಹಳ್ಳಿಗೆ ಹೋದೆವು. ಕೀಲಿ ಅತ್ತಿಗೆ ಕೊಟ್ಟರು, ಅಣ್ಣ ಪೂಜೆ ಸಾಮಾನಿಗೆ ಯಲಹಂಕಕ್ಕೆ ಹೋಗಿದ್ದ. ಅವನ ಹೊಸ ಆಫೀಸ್ ರೂಮಿನಲ್ಲಿ, ಅವನ ಕುರ್ಚಿಯಿಂದ ನೇರ ಕಾಣುವಂತೆ, ನಾಲ್ಕಡಿಯ ಹೊಸ ಟ್ಯಾಂಕ್ ಇಟ್ಟೆವು. ಮರ ಇಲ್ಲ, ಗಿಡ ಇಲ್ಲ, ತಳಕ್ಕೆ ಬೆಣಚುಕಲ್ಲು ಅಷ್ಟೇ. ಹೊಸ ನೀರು ಮೀನಿಗೆ ಆಗಿಬರಬೇಕಲ್ಲ, ಅದಕ್ಕೆ ನನ್ನ ಟ್ಯಾಂಕಿನ ಫಿಲ್ಟರಿನಲ್ಲಿ ಪಳಗಿ, ನೀರು ಹದವಾಗಿಡುವ ಸೂಕ್ಷ್ಮಜೀವಿ ಹಿಡಿದಿದ್ದ ಸ್ಪಂಜನ್ನು ಅರ್ಧ ಕತ್ತರಿಸಿ ಇದಕ್ಕೆ ಹಾಕಿದೆ. ಕೊನೆಗೆ ರೌಡಿಯನ್ನು ಬಿಟ್ಟೆವು. ಒಂದು ಸುತ್ತು ಹೊಡೆದ, ನಡುವೆ ನಿಂತ, ಬಾಲ ಅಲ್ಲಾಡಿಸಿದ. ಈ ಸಲ ಯಾರ ಜಾಗವನ್ನೂ ಕಿತ್ತುಕೊಂಡಿರಲಿಲ್ಲ.

ಮರುದಿನ ಪೂಜೆ ಮುಗಿಸಿ ಅಣ್ಣ ರೂಮಿನೊಳಗೆ ಕಾಲಿಟ್ಟ. ಹಿಂದೆ ಹತ್ತಿಪ್ಪತ್ತು ಜನ. ಟ್ಯಾಂಕ್ ನೋಡಿ ನಿಂತ. ಮುಯ್ಯಿ ಅಂದರೆ ಸೇಡು ಅಂತಲೂ ಅರ್ಥ ಇದೆಯಲ್ಲ, ಅವನು ಯಾವುದನ್ನು ಓದಿಕೊಳ್ಳುತ್ತಾನೋ?

"ಏನಿದು?" ಅಂದ.

"ಮುಯ್ಯಿ ಅಣ್ಣ. ತಿರುಗಿಸ್ತಾ ಇಲ್ಲ. ತೀರಿಸ್ತಾ ಇದೀನಿ" ಅಂದೆ.

ಅಣ್ಣ ಎಡಕ್ಕೆ ಎರಡು ಹೆಜ್ಜೆ ಇಟ್ಟ. ಮೀನು ಎಡಕ್ಕೆ ಬಂತು. ಬಲಕ್ಕೆ ಇಟ್ಟ. ಮೀನು ಬಲಕ್ಕೆ ಬಂತು. ಬೆರಳು ಎತ್ತಿ ಗಾಜಿನ ಹತ್ತಿರ ಹಿಡಿದ. ಮೀನು ಗುಬುಟು ಮುಂದೆ ಮಾಡಿ ಧಡ್ ಅಂತ ಗುದ್ದಿತು. ಅಣ್ಣನ ಮುಖ ಅರಳಿಹೋಯಿತು.

"ನೋಡ್ದಾ, ನನ್ ಗುರ್ತು ಇಡಿದವ್ನೆ" ಅಂದ.

(ಗುರುತು ಹಿಡಿದಿರಲಿಲ್ಲ, ಕಚ್ಚಲು ಬಂದಿದ್ದ. ಕೆಲವು ಸತ್ಯಗಳನ್ನು ಹೇಳದಿದ್ದರೂ ನಡೆಯುತ್ತದೆ.)

ನೆಂಟರಲ್ಲೊಬ್ಬರು, "ಇಷ್ಟು ದೊಡ್ಡ ಟ್ಯಾಂಕಿಗೆ ಒಂದೇ ಮೀನಾ? ಇನ್ನೆರಡು ಬಿಡಣ್ಣ, ತುಂಬಿದಂಗೆ ಕಾಣ್ತದೆ" ಅಂದರು.

ಅಣ್ಣ ಅವರ ಕಡೆ ತಿರುಗಿದ ರೀತಿ ನೀವು ನೋಡಬೇಕಿತ್ತು. "ಬ್ಯಾಡ ಕಣಯ್ಯ. ಇದು ಒಟ್ಟಿಗಿರೋ ಮೀನಲ್ಲ. ನಿಂಗೆ ಗೊತ್ತಿಲ್ದಿದ್ರೆ ನನ್ ತಂಗೀನ್ ಕೇಳು, ಅವಳು ಇದ್ರಲ್ಲಿ ಎಕ್ಸ್‌ಪರ್ಟು."

ನನ್ನ ಕಣ್ಣಲ್ಲಿ ನೀರು ಬಂತು. ಬಂತು ಅಂತ ಹೇಳಲು ನಾಚಿಕೆ ಯಾಕೆ? ಹೊರಡುವಾಗ ಅಣ್ಣ ತಾನೇ ತಾಂಬೂಲ ಕೊಟ್ಟ, ಅತ್ತಿಗೆ ಕೈಯಲ್ಲಿ ಕೊಡಿಸಲಿಲ್ಲ. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಇಬ್ಬರೂ ಆವತ್ತಿನ ಜಗಳದ ಮಾತೆತ್ತಲಿಲ್ಲ. ನಮ್ಮ ಮನೆತನದಲ್ಲಿ ಕ್ಷಮೆ ಕೇಳುವ ಪದ್ಧತಿಯಿಲ್ಲ, ಊಟ ಮಾಡಿಕೊಂಡು ಹೋಗಿ ಅನ್ನುವ ಪದ್ಧತಿಯಿದೆ. ಊಟ ಮಾಡಿಕೊಂಡೇ ಬಂದೆವು.

ಸಾವಿತ್ರಮ್ಮ ಏನಾಯಿತು ಅಂತ ಕೇಳುತ್ತಿದ್ದೀರಿ, ಕೇಳಿಸುತ್ತಿದೆ. ಪೈಪಿನ ಹಿಂದಿನಿಂದ ಮೊದಲು ಮೂತಿ ಬಂತು, ಆಮೇಲೆ ಪೂರ್ತಿ ಬಂತು. ರೆಕ್ಕೆ ಮತ್ತೆ ಬೆಳೆದಿದೆ. ಸೀಳಿದ ಜಾಗದಲ್ಲಿ ಒಂದು ಸಣ್ಣ ಡೊಂಕು ಉಳಿದಿದೆ, ಅದು ಹೋಗಲಾರದು. ಈಗ ಆಸ್ಕರ್‌ಗಳಿಗಿಂತ ಮೊದಲು ಊಟಕ್ಕೆ ಬರುತ್ತದೆ, ಅವೂ ದಾರಿ ಬಿಡುತ್ತವೆ. ಯಾಕೋ ಗೊತ್ತಿಲ್ಲ. ಪೆಟ್ಟು ತಿಂದು ಎದ್ದವರಿಗೆ ಒಂದು ಮರ್ಯಾದೆ ಇರುತ್ತದೇನೋ.

ಹೇಳಲು ಹೊರಟದ್ದು ಕಳೆದ ಭಾನುವಾರದ ಕಥೆ. ಅಣ್ಣ ಮನೆಗೆ ಬಂದ. ಗೃಹಪ್ರವೇಶದ ದಿನದ ನಂತರ ಅವನು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಕಾಫಿ ಲೋಟ ಹಿಡಿದು ನೇರ ಟ್ಯಾಂಕಿನ ಮುಂದೆ ಹೋಗಿ ನಿಂತ. ಗಾಜು ಮುಟ್ಟಲಿಲ್ಲ. ಒಂದೊಂದೇ ಮೀನನ್ನು ನೋಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನು ನೋಡಿದೆ. ಕಾಫಿ ಆರಿಹೋಗುವಷ್ಟು ಹೊತ್ತು ನಿಂತಿದ್ದ.

ಆಮೇಲೆ, ನನ್ನ ಕಡೆ ತಿರುಗದೆ, ಲೋಟಕ್ಕೆ ಹೇಳುವಂತೆ ಅಂದ. "ಅಲ್ಲ ಕಣಮ್ಮ, ಈ ಬಲಗಡೆ ಸ್ವಲ್ಪ ಖಾಲಿ ಖಾಲಿ ಕಾಣ್ತದೆ. ಇಲ್ಲಿಗೆ ಇನ್ನೊಂದು ಮೀನ್ ತರಬೌದಾ? ತಂದ್ರೆ ಯಾವ್ದು? ನೀನೇ ಏಳು."

ಶಿವಾನಂದ ಪೇಪರ್ ಇಳಿಸಿ ನನ್ನನ್ನು ನೋಡಿದರು. ಅವರಿಗೂ ಕೇಳಿಸಿತ್ತು.

ಉತ್ತರ ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. "ಯೋಚ್ನೆ ಮಾಡಿ ಹೇಳ್ತೀನಿ ಅಣ್ಣ" ಅಂದೆ. ಐವತ್ತು ವರ್ಷಕ್ಕೆ ಮೊದಲ ಸಲ ಕೇಳಿದ್ದಾನೆ, ಒಂದು ವಾರವಾದರೂ ಕಾಯಲಿ ಬಿಡಿ.